ಮಾಲೀಕನ ಕಾಲಂನಲ್ಲಿ ಡೌವೆ

ಆಫ್ಕೆಗೆ ತನ್ನದೇ ವೆಬ್‌ಸೈಟಿನಲ್ಲಿ ಒಂದು ಚಿತ್ರ ಹಾಕುವ ಅನುಮತಿ ಇರಲಿಲ್ಲ.

ಬೆಳಗಿನಿಂದ ಅದೇ ಗೋಳು. ಚಿತ್ರ ಆರಿಸಿ ಗುಂಡಿ ಒತ್ತಿದರೆ ಕೆಂಪು ಪಟ್ಟಿಯೊಂದು ಮೂಡುತ್ತಿತ್ತು: 'ಈ ಫೋಲ್ಡರಿನಲ್ಲಿ ಬರೆಯಲು ನಿಮಗೆ ಅನುಮತಿಯಿಲ್ಲ.' ಪಾಸ್‌ವರ್ಡ್ ಸರಿಯಾಗಿತ್ತು. ಒಳಗೆ ಹೋಗಬಹುದಿತ್ತು, ನೋಡಬಹುದಿತ್ತು. ಏನನ್ನೂ ಇಡುವಂತಿರಲಿಲ್ಲ.

ಕೊನೆಗೆ ಫೈಲುಗಳ ಪಟ್ಟಿ ತೆರೆದಳು. ಪ್ರತಿ ಫೈಲಿನ ಎದುರು ಮಾಲೀಕನ ಹೆಸರಿನದೊಂದು ಕಾಲಂ. ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು. ಡೌವೆ.

ಯಾರಿವನು?

ಆ ಸೈಟ್ ಇದ್ದದ್ದು ಒಂದು ಸಂಘದ ಸರ್ವರಿನಲ್ಲಿ. ತಮ್ಮ ಬರಹ, ಚಿತ್ರಗಳನ್ನು ದೊಡ್ಡ ಕಂಪನಿಗಳಿಗೆ ಒಪ್ಪಿಸಲು ಇಷ್ಟವಿಲ್ಲದ ನೆದರ್ಲೆಂಡ್ಸಿನ ಗ್ರೋನಿಂಗನ್ ಊರಿನ ಒಂದಷ್ಟು ಜನ ಸೇರಿ, ಹಳೆಯ ಶಾಲೆಯೊಂದರ ಹಿಂದಿನ ಕೋಣೆಯಲ್ಲಿ ಅದನ್ನು ನಡೆಸುತ್ತಿದ್ದರು. ಸದಸ್ಯಳಾದ ಮೇಲೆ ಆಫ್ಕೆ ಅತ್ತ ತಲೆ ಹಾಕಿರಲಿಲ್ಲ. ಈಗ ಎದುರುಗಾಳಿಗೆ ಸೈಕಲ್ ತುಳಿದು ಬಂದು, ಬಾಗಿಲು ತಳ್ಳಿ, ನಿಂತಲ್ಲೇ ಕೇಳಿದಳು.

"ಡೌವೆ ಅಂದ್ರೆ ಯಾರು?"

ಮೇಜಿನ ಕೆಳಗೆ ತಂತಿ ಜೋಡಿಸುತ್ತಿದ್ದವನು ಏಳಲು ಹೋಗಿ ತಲೆಯನ್ನು ಹಲಗೆಗೆ ಬಡಿದುಕೊಂಡ.

"ನಾನೇ... ಅಯ್ಯೋ!"

"ನನ್ನ ವೆಬ್‌ಸೈಟನ್ನ ಯಾವಾಗ ಕೊಂಡ್ಕೊಂಡ್ರಿ? ನನಗೆ ಗೊತ್ತೇ ಆಗ್ಲಿಲ್ಲ!"

ಅವನು ಹೊರಗೆ ಬಂದ. ಉದ್ದ ಮನುಷ್ಯ, ಮೊಣಕೈ ಹರಿದ ಸ್ವೆಟರ್, ಹಣೆಯ ಮೇಲೆ ಧೂಳು. ನೋಟ ಮಾತ್ರ ನೇರ. ಆ ನೋಟ ಆಫ್ಕೆಗೆ ಹಿಡಿಸಿತು. ಹಿಡಿಸಿತಲ್ಲ ಎಂದು ಸಿಟ್ಟು ಇನ್ನಷ್ಟು ಏರಿತು.

"ನೀವು ಆಫ್ಕೆ ವಿಯಾರ್ಡಾ ಅಲ್ವಾ? ಚರ್ಚುಗಳ ಬಣ್ಣದ ಗಾಜು ರಿಪೇರಿ ಮಾಡೋರು?"

"ಹೌದು. ಆ ಗಾಜುಗಳಿಗೆಲ್ಲ ಈಗ ನೀವೇ ಮಾಲೀಕರಂತೆ!"

ಮೂಲೆಯಲ್ಲಿ ಕಾಫಿ ಸೋಸುತ್ತಿದ್ದ ಹಿಲ್ಲೆ ಗೊಳ್ಳೆಂದು ನಕ್ಕಳು. ಎಪ್ಪತ್ತು ದಾಟಿದ ಆಕೆ ಸಂಘದ ಖಜಾಂಚಿ. "ಸಿಕ್ಕಿಬಿದ್ಯಾ ಡೌವೆ? ಕಾಫಿ ಕುಡೀತೀಯೇನಮ್ಮ? ಬಿಸ್ಕತ್ತು ತಗೋ." ಆಫ್ಕೆ ಒಂದು ತೆಗೆದುಕೊಂಡ ತಕ್ಷಣ ಡಬ್ಬಿಯ ಮುಚ್ಚಳ ಬಿತ್ತು. ಒಂದು ಕಾಫಿಗೆ ಒಂದೇ ಬಿಸ್ಕತ್ತು, ಅದು ಅಲ್ಲಿನ ರೂಢಿ.

"ಭಾನುವಾರ ಹಳೇ ಡಿಸ್ಕ್ ಸಾಯೋಕೆ ಶುರುವಾಯ್ತು," ಡೌವೆ ಹೇಳಿದ. "ಎಲ್ಲರ ಸೈಟನ್ನೂ ಹೊಸದಕ್ಕೆ ನಕಲು ಮಾಡಿದೆ. ಮಾಲೀಕರ ಹೆಸರನ್ನೂ ಜೊತೆಗೆ ಒಯ್ಯಿ ಅಂತ ಕಂಪ್ಯೂಟರಿಗೆ ಹೇಳ್ಬೇಕು. ಅವಸರದಲ್ಲಿ ಮರೆತೆ. ಆಗ ನಕಲು ಮಾಡಿದವನ ಹೆಸರೇ ಎಲ್ಲದರ ಮೇಲೂ ಬೀಳುತ್ತೆ. ತಪ್ಪು ನಂದೇ. ಒಬ್ಬೊಬ್ಬರನ್ನೇ ಕರೆದು ಸರಿಮಾಡ್ತಿದ್ದೀನಿ, ಅಡ್ಡಹೆಸರಿನ ಎ, ಬಿ, ಸಿ ಪ್ರಕಾರ."

"ಅಂದ್ರೆ ವಿಯಾರ್ಡಾ ಕಟ್ಟಕಡೇಲಿ!"

"ಕಟ್ಟಕಡೇಲಿ ಅಲ್ಲ. ನಿಮ್ಮ ನಂತರ ಒಬ್ಬರು ಝೈಲ್‌ಸ್ಟ್ರಾ ಇದ್ದಾರೆ."

ತಮಾಷೆಯೋ, ನಿಜವೋ? ಅವನ ಮುಖದಿಂದ ಗೊತ್ತಾಗಲಿಲ್ಲ.

"ನೋಡಿ, ನಾಳೆ ನಾಲ್ಕು ಗಂಟೆಗೆ ಚರ್ಚಿನ ಸಮಿತಿ ಸೇರುತ್ತೆ. ಕಿಟಕಿ ಕೆಲಸ ಯಾರಿಗೆ ಕೊಡೋದು ಅಂತ ಅರ್ಜಿ ಹಾಕಿದ ನಮ್ಮೆಲ್ಲರ ಸೈಟುಗಳನ್ನ ಪರದೆ ಮೇಲೆ ಹಾಕಿ ನೋಡ್ತಾರೆ. ನನ್ನ ಹೊಸ ಕೆಲಸದ ಒಂದು ಚಿತ್ರವೂ ಅಲ್ಲಿಲ್ಲ. ಇದು ಸಿಕ್ಕಿದ್ರೆ ಎರಡು ವರ್ಷ ನನ್ನ ವರ್ಕ್‌ಶಾಪ್ ನಡೆಯುತ್ತೆ. ಸಿಗದಿದ್ರೆ ಮುಚ್ಚಬೇಕು. ಅರ್ಥ ಆಯ್ತಾ?"

"ಆಯ್ತು. ಕೂತ್ಕೊಳ್ಳಿ. ಮೊದಲು ಇಡೀ ಸೈಟಿನ ಇನ್ನೊಂದು ನಕಲು ತೆಗೆದಿಡೋಣ, ಒಂದು ಗಂಟೆ ಹಿಡಿಯುತ್ತೆ. ಆಮೇಲೆ ಹೆಸರು ಬದಲಾಯಿಸೋಕೆ ಒಂದೇ ಸಾಲು. ನೀವೇ ಟೈಪ್ ಮಾಡ್ಬೇಕು."

"ತಪ್ಪು ನಿಮ್ದು, ಕೆಲಸ ನಂದಾ?"

"ನಮ್ಮಲ್ಲಿ ಹಾಗೇ ಕಣಮ್ಮ," ಹಿಲ್ಲೆ ನಡುವೆ ಬಂದಳು. "ಇನ್ನೊಬ್ಬರ ಸೈಟಿನ ಕೆಲಸಕ್ಕೆ ಕೀಲಿಮಣೆ ಮುಟ್ಟೋ ಹಾಗಿಲ್ಲ. ಇವನು ಪಕ್ಕದಲ್ಲಿ ಕೂತು ಹೇಳ್ತಾನೆ, ನೀನು ಒತ್ತು. ಇವನಿಗಂತೂ ಕೈ ಕಟ್ಟಿಹಾಕಿದಷ್ಟು ಸಂಕಟ!"

ಒಂದು ಗಂಟೆ... ಚಿತ್ರಗಳನ್ನು ಇನ್ನೂ ಆರಿಸಬೇಕಿತ್ತು, ಕೆಳಗೆ ವಿವರ ಬರೆಯಬೇಕಿತ್ತು.

"ಎಲ್ಲರಿಗೂ ಬರೆಯೋ ಅನುಮತಿ ಕೊಟ್ಬಿಟ್ರೆ ಮುಗೀತಲ್ಲ? ಇಂಟರ್ನೆಟ್ಟಲ್ಲಿ ಓದಿದೆ. ಏಳು, ಏಳು, ಏಳು ಅಂತ ಹಾಕಿದ್ರೆ ಎಲ್ಲ ತೆರ್ಕೊಳ್ಳುತ್ತಂತೆ."

"ಬೇಡ." ಅವನ ದನಿ ಗಟ್ಟಿಯಾಯಿತು. "ಅದೊಂದು ಮಾತ್ರ ಬೇಡ. ಅದು ಬೀಗ ರಿಪೇರಿ ಅಲ್ಲ, ಬಾಗಿಲನ್ನೇ ಕಿತ್ತು ಬೀದಿಗೆ ಹಾಕೋದು. ಸದಸ್ಯರ ಪುಟದಲ್ಲಿ ಆ ಗುಂಡಿ ಇದೆ, ನಿಮ್ಮ ಫೋಲ್ಡರಿಗೆ ನೀವು ಏನು ಬೇಕಾದ್ರೂ ಮಾಡಬಹುದು. ನಾನು ತಡೆಯೋ ಹಾಗಿಲ್ಲ. ಆದ್ರೆ ಒತ್ತಬೇಡಿ."

ಬೇಡ.

ಈ ಮಾತನ್ನು ಆಫ್ಕೆ ಮೊದಲೂ ಕೇಳಿದ್ದಳು. ಮೂರು ವರ್ಷ ಜೊತೆಗಿದ್ದ ವೆಸೆಲ್ ವರ್ಕ್‌ಶಾಪಿನ ಎಲ್ಲ ಪಾಸ್‌ವರ್ಡ್‌ಗಳನ್ನೂ ತನ್ನ ಹೆಸರಿನಲ್ಲೇ ಇಟ್ಟುಕೊಂಡಿದ್ದ. ಕೇಳಿದಾಗಲೆಲ್ಲ, 'ಬೇಡ, ನಿನಗೆ ಅದೆಲ್ಲ ತಲೆನೋವು' ಅನ್ನುತ್ತಿದ್ದ. ಬಿಟ್ಟುಹೋದಾಗ ಅವಳ ಗಿರಾಕಿಗಳ ಇಮೇಲುಗಳೂ ಅವನ ಜೊತೆಗೇ ಹೋದವು.

ಇವನೂ ಅಂಥವನೇ. ಮಾತು ಮಾತ್ರ ಮೆತ್ತಗೆ!

"ನನ್ನ ಮನೆಯಲ್ಲಿ ಏನು ಮಾಡ್ಬೇಕು ಅಂತ ನನಗೆ ಗೊತ್ತು," ಎಂದಳು. ಕಾಫಿಯನ್ನು ಅರ್ಧಕ್ಕೆ ಬಿಟ್ಟು ಹೊರಟಳು.

ಮನೆಗೆ ಬಂದವಳೇ ಸದಸ್ಯರ ಪುಟ ತೆರೆದಳು. ಏಳು, ಏಳು, ಏಳು. ಒತ್ತಿದಳು. ಕೆಂಪು ಪಟ್ಟಿ ಮಾಯ! ಚಿತ್ರಗಳು ಒಂದರ ಹಿಂದೆ ಒಂದು ಏರಿ ಕುಳಿತವು. ನೀಲಿ ಗಾಜಿನ ಮೀನುಗಳು, ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಹೊಸ ಹೊಲಿಗೆ, ಬೆಳಕು ಬಿದ್ದ ನೆಲ.

"ನೋಡಿದ್ಯಾ ಡೌವೆ?" ಖಾಲಿ ಕೋಣೆಯಲ್ಲಿ ಜೋರಾಗಿಯೇ ಹೇಳಿದಳು.

ಬೆಳಿಗ್ಗೆ ಬ್ರೆಡ್ಡಿಗೆ ಚೀಸ್ ಇಟ್ಟುಕೊಳ್ಳುತ್ತಾ ಸೈಟ್ ತೆರೆದಳು. ಮೀನುಗಳಿರಲಿಲ್ಲ. ಕಿಟಕಿಗಳಿರಲಿಲ್ಲ. ಮುಖಪುಟದ ತುಂಬ ಜೂಜಿನ ಜಾಹೀರಾತು ಮಿನುಗುತ್ತಿತ್ತು. ಚಿತ್ರಗಳ ಫೋಲ್ಡರ್ ಬರಿದಾಗಿತ್ತು.

ಕೈಯಲ್ಲಿದ್ದ ಚಾಕು ಮೇಜಿಗೆ ಬಿತ್ತು.

ಶಾಲೆಯ ಬಾಗಿಲು ತೆರೆಯುವ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಬೀಗ ತೆಗೆಯಲು ಬಂದ ಡೌವೆ ಅವಳ ಮುಖ ನೋಡಿದ.

"ಒತ್ತಿದ್ರಾ?"

"ಒತ್ತಿದೆ." ಎದ್ದು ನಿಂತಳು. "ಬೈಯೋದಿದ್ರೆ ಬೇಗ ಬೈದು ಮುಗಿಸಿ. ನಾಲ್ಕು ಗಂಟೆಗೆ ಸಮಿತಿ."

"ಬೈಯೋಕೆ ಟೈಮಿಲ್ಲ. ಒಳಗೆ ಬಾ."

'ಬನ್ನಿ' ಎನ್ನಲಿಲ್ಲ. ಅಂಥ ಹೊತ್ತಿನಲ್ಲೂ ಆಫ್ಕೆ ಅದನ್ನು ಗಮನಿಸಿದಳು.

ಕಾರಣ ಬೇಗ ಸಿಕ್ಕಿತು. ಅದೇ ಸರ್ವರಿನಲ್ಲಿ ಯಾರೋ ಸದಸ್ಯರು ವರ್ಷಗಟ್ಟಲೆ ತಿರುಗಿ ನೋಡದ ಒಂದು ಸೈಟ್ ಇತ್ತು. ಅದರೊಳಗೆ ಕಳ್ಳ ಪ್ರೋಗ್ರಾಂ ಒಂದು ಹೊಕ್ಕು ಕೂತಿತ್ತು. ಪಕ್ಕದಲ್ಲಿ ತೆರೆದ ಬಾಗಿಲು ಕಂಡಿತು, ನುಗ್ಗಿತು. ಡೌವೆ ಮೊದಲು ಆ ಹಾಳು ಸೈಟನ್ನು ಮುಚ್ಚಿದ. ಆಮೇಲೆ ಆಫ್ಕೆಯನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಪಕ್ಕದ ಸ್ಟೂಲಿನಲ್ಲಿ ಕುಳಿತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

"ಇದೇನು?"

"ಕೈ ಸುಮ್ಮನಿರಲ್ಲ. ಅದಕ್ಕೇ."

ಅವಳಿಗೆ ಅಳು ಬರುವುದರಲ್ಲಿತ್ತು. ನಗು ಬಂತು.

"ನೀವೇ ಮಾಡ್ಬಿಡಿ ಡೌವೆ. ಮತ್ತೆ ತಪ್ಪಾದ್ರೆ? ಈ ಒಂದು ಸಲ."

"ಇಲ್ಲ. ನಾಳೆ ನಾನಿಲ್ಲದಾಗ ನಿನಗೆ ಬರಬೇಕಲ್ಲ? ನಿಧಾನಕ್ಕೆ ಒತ್ತು. ಕಾಯ್ತೀನಿ."

ವೆಸೆಲ್ ಒಂದು ದಿನವೂ ಹೀಗೆ ಹೇಳಿರಲಿಲ್ಲ... ಆಫ್ಕೆ ಬೆರಳುಗಳನ್ನು ಕೀಲಿಗಳ ಮೇಲಿಟ್ಟಳು.

ಸಾಯುತ್ತಿದ್ದ ಹಳೆಯ ಡಿಸ್ಕನ್ನು ಅವನು ಎಸೆದಿರಲಿಲ್ಲ. ಜೋಡಿಸಿದಾಗ ಅದು ಕಿರ್ರೆಂದಿತು. ಕೆಲವು ಚಿತ್ರ ಸಲೀಸಾಗಿ ಬಂದವು, ಕೆಲವು ಅರ್ಧಕ್ಕೆ ನಿಂತು ಬಂದವು, ಕೆಲವು ಬರಲೇ ಇಲ್ಲ. ಅವಳು ಎಲ್ಲದಕ್ಕೂ ತನ್ನ ಹೆಸರು ಕೊಟ್ಟಳು. ಫೋಲ್ಡರುಗಳಿಗೆ ಏಳು ಐದು ಐದು, ಫೈಲುಗಳಿಗೆ ಆರು ನಾಲ್ಕು ನಾಲ್ಕು. ಓದುವುದಕ್ಕೆ ಎಲ್ಲರೂ, ಬರೆಯುವುದಕ್ಕೆ ಅವಳೊಬ್ಬಳೇ. ಹೊಸ ಚಿತ್ರಗಳು ಅವಳ ಫೋನಿನಲ್ಲಿದ್ದವು. ಅವನ್ನು ಮತ್ತೆ ಏರಿಸಿದಳು. ಕೆಂಪು ಪಟ್ಟಿ ಬರಲಿಲ್ಲ.

"ನಾನು ಮಾಡಿದೆ!" ಎಂದಳು.

"ನೀನೇ ಮಾಡಿದ್ದು," ಎಂದ.

ನಾಲ್ಕು ಹೊಡೆಯಲು ಇನ್ನೂ ಹೊತ್ತಿತ್ತು. ಹಿಲ್ಲೆ ಬಂದವಳು ಇಬ್ಬರ ಮುಖವನ್ನೂ ನೋಡಿ, ಬಿಸ್ಕತ್ತಿನ ಡಬ್ಬಿಯನ್ನು ತೆರೆದೇ ಇಟ್ಟುಹೋದಳು. ಇದು ಡೌವೆಗೆ ಎಷ್ಟು ಹೊಸದೆಂದರೆ ಅವನು ಎರಡನೆಯ ಬಿಸ್ಕತ್ತಿಗೆ ಕೈ ಹಾಕಲು ಹಿಂಜರಿದ.

ಸಂಜೆ, ಅವರಿನ್ನೂ ಅದೇ ಕೋಣೆಯಲ್ಲಿರುವಾಗ, ಸಮಿತಿಯ ಅಧ್ಯಕ್ಷೆಯ ಫೋನ್ ಬಂತು.

"ನಿಮ್ಮ ಸೈಟ್ ನೋಡೋಕೆ ಚೆನ್ನಾಗಿಲ್ಲ, ವಿಯಾರ್ಡಾ. ಅಲ್ಲಲ್ಲಿ ಖಾಲಿ ಚೌಕ ಬೇರೆ. ಆದ್ರೆ ಆ ಮೀನುಗಳು... ಕೆಲಸ ನಿಮಗೇ. ಸೋಮವಾರ ಬನ್ನಿ, ಅಳತೆ ತಗೊಳ್ಳಿ."

ಆಫ್ಕೆ ಫೋನ್ ಇಟ್ಟಳು. ಡೌವೆ ತಂತಿ ಸುತ್ತುತ್ತಿದ್ದವನು ನಿಂತ.

"ಸಿಕ್ತಾ?"

"ಸಿಕ್ತು!"

ಅವನು ತನಗೇ ಸಿಕ್ಕಿದ ಹಾಗೆ ನಕ್ಕ. ಆಮೇಲೆ ತಲೆ ತಗ್ಗಿಸಿ ಹೇಳಿದ.

"ಒಂದು ಹೇಳ್ಬೇಕು. ಭಾನುವಾರ ನಕಲು ಸರಿಯಾಗಿ ಬಂದಿದೆಯಾ ಅಂತ ಪ್ರತಿ ಸೈಟಿನಲ್ಲೂ ಒಂದೆರಡು ಚಿತ್ರ ತೆಗೆದು ನೋಡ್ದೆ. ನಿಂದು ಮಾತ್ರ ಪೂರ್ತಿ ನೋಡ್ದೆ. ಕೆಲವು ಎರಡು ಸಲ. ಇಂಥ ಗಾಜು ಜೋಡಿಸೋ ಕೈ ಯಾರದ್ದು ಅಂತ ಯೋಚನೆ ಮಾಡ್ತಾನೇ ಇದ್ದೆ. ಅಷ್ಟರಲ್ಲಿ ನೀನು ಬಾಗಿಲು ತಳ್ಳಿ ಬಂದು ಬೈದೆ."

ಆಫ್ಕೆಯ ಕಿವಿ ಬಿಸಿಯಾಯಿತು. ಅವಳು ಸುತ್ತು ಬಳಸುವವಳಲ್ಲ.

"ನಿನ್ನೆ ನಿನ್ನನ್ನ ಇನ್ನೊಬ್ಬನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ. ಅದು ತಪ್ಪು. ನಾಡಿದ್ದು ನನ್ನ ಹುಟ್ಟುಹಬ್ಬ. ಬಾ."

ಡೌವೆ ಬೆಚ್ಚಿದ. ಆ ಊರಿನಲ್ಲಿ ಅದು ಮನೆಯವರೆಲ್ಲ ಕುರ್ಚಿ ಹಾಕಿ ಸುತ್ತ ಕೂರುವ ಹಬ್ಬ. ಬಂದವರು ಹುಟ್ಟುಹಬ್ಬದವಳಿಗಷ್ಟೇ ಅಲ್ಲ, ಅಮ್ಮ, ಅಣ್ಣ, ಅತ್ತೆ, ಎಲ್ಲರ ಕೈ ಕುಲುಕಿ ಅಭಿನಂದನೆ ಹೇಳಬೇಕು. ಸುಮ್ಮಸುಮ್ಮನೆ ಯಾರೂ ಯಾರನ್ನೂ ಅಲ್ಲಿಗೆ ಕರೆಯುವುದಿಲ್ಲ.

"ನಿನ್ನಮ್ಮನ ಮುಂದೆ... ನಾನು ಯಾರು ಅಂತ ಹೇಳ್ಲಿ?"

"ನೀನು ಏನೂ ಹೇಳ್ಬೇಡ. ನಾನು ಹೇಳ್ತೀನಿ."

"ಏನಂತ?"

"ನನಗೆ ಬೇಕಾದವನು ಅಂತ."

ಅವನು ಡೈರಿ ತೆಗೆದ. ಭಾನುವಾರದ ಪುಟ ಹುಡುಕಿದ. ಅಲ್ಲಿ ಮೊದಲೇ ಬರೆದಿದ್ದ ಏನನ್ನೋ ಹೊಡೆದುಹಾಕಿದ.

"ಎಷ್ಟು ಗಂಟೆಗೆ?"

"ಎಲ್ಲರೂ ಮೂರಕ್ಕೆ ಬರ್ತಾರೆ," ಆಫ್ಕೆ ಅವನ ಕೈ ಹಿಡಿದುಕೊಂಡಳು. "ನೀನು ಎರಡಕ್ಕೇ ಬಾ."

ಆ ಏಳು ಏಳು ಏಳಕ್ಕೆ ಆಫ್ಕೆ ತೆತ್ತದ್ದು, ಹಳೆಯ ಡಿಸ್ಕಿನಿಂದಲೂ ಮರಳಿ ಬಾರದ ಇಪ್ಪತ್ತಮೂರು ಚಿತ್ರಗಳು ಮತ್ತು ಎರಡು ಪುಟ ಬರಹ.