ಕೀಲಿಕೈಯ ಕರಾರು

"ನಿಮ್ಮ ನಾಯಕಿ ಮೋಸ ಮಾಡ್ತಿದ್ದಾಳೆ," ಎಂದರು ಬದರಿ, ನಾನು ಬರೆದ ಹಾಳೆಗಳನ್ನು ಮೆಟ್ಟಿಲ ಮೇಲಿಟ್ಟು.

ಬದರೀನಾರಾಯಣ ಕಾಶಿಯ ಕೇದಾರ ಘಾಟಿನ ಪುರೋಹಿತರು. ಕನ್ನಡದ ಯಾತ್ರಿಕರಿಗೆ ಸಂಕಲ್ಪ ಮಾಡಿಸುವ ಮನೆತನ. ನಾನು ಜ್ಯೋತ್ಸ್ನಾ, ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಆಫೀಸರ್. ಕದ್ದುಮುಚ್ಚಿ ಮಾಯಾಲೋಕದ ಕಾದಂಬರಿ ಬರೆಯುವವಳು. ಈ ಊರಿನಲ್ಲಿ ಅದನ್ನು ಓದುವ ಪ್ರಾಣಿ ಇವರೊಬ್ಬರೇ. ನಕ್ಕರೆ ಆ ಪ್ರಾಣಿಯ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಎರಡು ವರ್ಷದಿಂದ ನಾನು ಅಧ್ಯಾಯದ ಮೇಲೆ ಅಧ್ಯಾಯ ಬರೆದದ್ದು ಆ ಗುಳಿಗಾಗಿಯೇ.

"ಏನು ಮೋಸ?"

"ಅವಳ ಮಾಯದ ಕೀಲಿಕೈ ಯಾವ ಬಾಗಿಲನ್ನಾದ್ರೂ ತೆಗೆಯುತ್ತೆ. ಆದ್ರೆ ಪ್ರತಿ ಸಲ ಅವಳು ತನಗಿಷ್ಟವಾದ ಒಂದನ್ನ ಬಿಡಬೇಕು. ರೂಲ್ ನಿಮ್ಮದೇ. ಇವಳು ಬಿಟ್ಟಿದ್ದೇನು? ಹಾಗಲಕಾಯಿ."

"ಕಾಶಿಗೆ ಬಂದವರೆಲ್ಲ ಅದನ್ನೇ ತಾನೇ ಬಿಡೋದು?"

"ದಿನಾ ನೋಡ್ತೀನಿ. ಒಬ್ರೂ ಮಾವಿನಹಣ್ಣು ಬಿಡಲ್ಲ." ಗುಳಿ ಬಿತ್ತು. "ಬೆಲೆ ತೆರದೆ ಬಾಗಿಲು ತೆಗೆದ್ರೆ ಓದೋರಿಗೆ ಏನು ಮಜಾ?"

ನನ್ನ ಬ್ಯಾಗಿನಲ್ಲಿ ಮೈಸೂರಿಗೆ ವಾಪಸಾಗುವ ಟ್ರಾನ್ಸ್‌ಫರ್ ಆರ್ಡರ್ ಇತ್ತು. ನಾನೇ ಕೇಳಿಕೊಂಡದ್ದು. ಬೇಡವೆಂದು ಬರೆದುಕೊಡಲು ಈ ಸಂಜೆಯೇ ಕೊನೆ. ಬದರಿಗೂ ಅದು ಗೊತ್ತು. ಹೋಗಬೇಡಿ ಎಂಬ ಒಂದು ಮಾತಿಗಾಗಿ ವಾರದಿಂದ ಕಾದಿದ್ದೆ. ಈ ಮಹಾನುಭಾವ ಬಾಯಿ ಬಿಟ್ಟರೆ ಬರೀ ಕೀಲಿಕೈ.

ಸಾಕಾಯಿತು. ಎದ್ದು ಕೆಳಗಿಳಿದವಳೇ ಬೊಗಸೆ ತುಂಬ ಗಂಗೆಯನ್ನು ತಂದು ಅವರೆದುರು ಕೂತೆ.

"ಸಂಕಲ್ಪ ಮಾಡಿಸಿ. ನಾನೂ ಒಂದು ಬಿಡ್ತೀನಿ."

"ಏನನ್ನ?"

"ಮೈಸೂರನ್ನ."

ಅವರ ನಗು ನಿಂತಿತು. "ಅದು ನಿಮಗೆ ಇಷ್ಟ ಅಲ್ವಾ?"

"ತುಂಬಾ ಇಷ್ಟ. ಅದಕ್ಕಿಂತ ಇಷ್ಟವಾದದ್ದು ಎದುರಿಗೆ ಕೂತಿದೆ. ಬೇಗ ಹೇಳಿ, ನೀರು ಸೋರ್ತಿದೆ."

ಸಾವಿರ ಸಲ ಹೇಳಿದ ಮಂತ್ರ ಅವರಿಗೆ ಮರೆತೇ ಹೋಯಿತು. ಕಿವಿ ಕೆಂಪಾದವು. "ಕ್ಯಾ ಹುವಾ, ಪಂಡಿತ್‌ಜೀ?" ಎಂದು ದೋಣಿಯವನು ಕೂಗಿದ್ದೂ ಕೇಳಿಸಲಿಲ್ಲ. ಸೋರುವ ನೀರಿಗೆ ತಮ್ಮ ಬೊಗಸೆಯನ್ನು ಒಡ್ಡಿದರು. ಬೆರಳಿಗೆ ಬೆರಳು ತಾಗಿತು.

"ಗೋತ್ರ?" ಎಂದರು ಕೊನೆಗೆ, ಯಾತ್ರಿಕರನ್ನು ಕೇಳುವ ಧಾಟಿಯಲ್ಲಿ.

"ಭಾರದ್ವಾಜ."

ಬದರಿ ಹಿಡಿದಿಟ್ಟ ಉಸಿರು ಬಿಟ್ಟರು. ಗುಳಿ ಮತ್ತೆ ಬಿತ್ತು.

"ನಮ್ಮದು ಕಾಶ್ಯಪ. ಬೇರೆ ಬೇರೆ."

ಸಂಕಲ್ಪ ಮಾಡಿಸುವ ಪುರೋಹಿತರು ಯಾತ್ರಿಕರಿಗೆ ತಮ್ಮ ಗೋತ್ರ ಹೇಳುವ ಪದ್ಧತಿ ಕಾಶಿಯಲ್ಲಿ ಎಲ್ಲೂ ಇಲ್ಲ.