ಬೀಗರೂಟದ ಮೀನುತಲೆ

ಕತ್ತಿನ ಮೇಲೆ ಮಚ್ಚು... ಮೊಣಕೈವರೆಗೂ ಎಂಜಲೆಲೆ!

ಮದ್ದೂರಿನ ಕಲ್ಯಾಣ ಮಂಟಪದ ಹಿತ್ತಿಲು. ಮಟಮಟ ಮಧ್ಯಾಹ್ನ. ಒಳಗೆ ಬೀಗರೂಟ ಜೋರಾಗಿತ್ತು. ಹೊರಗೆ ನಾನು ಮಂಡಿಯೂರಿ ಮೀನಿನ ತಲೆ ಆಯುತ್ತಿದ್ದೆ.

ನಗಬೇಡಿ. ಮಂಡ್ಯದಲ್ಲಿ ಡಿಟೆಕ್ಟಿವ್ ಕೆಲಸಕ್ಕೆ ಇಷ್ಟೇ ಗ್ಲಾಮರ್ರು!

“ಯಾವನ್ಲಾ ನೀನು? ಎಂಜ್ಲೆಲೇಲಿ ಏನ್ ಉಡುಕ್ತಿದ್ದೀಯ?”

ಮಚ್ಚು ಹಿಡಿದವನು ಪುನೀತ್. ಲೇಔಟ್ ಧಣಿ ರಘುನಂದನನ ಬಂಟ. ಮಗಳ ಬೀಗರೂಟ ಹಾಕಿಸಿದ್ದವನೂ ರಘುನಂದನನೇ.

“ನಾಯಿಗೆ ಕಣಣ್ಣ...”

“ಯಾವ್ ನಾಯಿ?”

“ನಿನ್ ಹಿಂದ್ಗಡೆ ನಿಂತದಲ್ಲ, ಅದ್ಕೆ!”

ತಿರುಗಿದ. ಪಾಪ, ನಿಜಕ್ಕೂ ತಿರುಗಿದ!

ಪಕ್ಕದಲ್ಲಿದ್ದ ಸಾರಿನ ಬಕೆಟ್ ಎತ್ತಿ ಮುಖಕ್ಕೆ ಎರಚಿದೆ. ಖಾರ ಕಣ್ಣಿಗಿಳಿಯಿತು. ತಲೆಗಳ ಚೀಲದ ಸಮೇತ ಕಾಂಪೌಂಡ್ ಹಾರಿದೆ.

ಆಚೆ ಸ್ಕೂಟರಿನ ಮೇಲೆ ಶಶಿರೇಖಾ ಮೇಡಂ. ಸತ್ತ ಮೀನು, ಬಸವನಹುಳುವಿನ ಚಿಪ್ಪು ಪರೀಕ್ಷಿಸಿ ಕೆರೆಯ ಜಾತಕ ಹೇಳುವ ವಿಜ್ಞಾನಿ.

“ತಲೆ ಸಿಕ್ತಾ?”

“ಮೀನಿಂದು ಸಿಕ್ತು. ನಂದು ಹೋಗೋದ್ರೊಳಗೆ ಓಡ್ಸಿ!”

ಕೇಸು ಇಷ್ಟು. ದುದ್ದದ ಹತ್ತಿರ ಮಾದನಕಟ್ಟೆ ಅಂತ ಒಂದು ಕೆರೆ. ಸೋಮಮ್ಮನ ಗದ್ದೆಗೆ ಅದೇ ನೀರು. ಅದು ವರ್ಷಗಟ್ಟಲೆ ಒಣಗಿರುವ ಸತ್ತ ಕೆರೆ, ಮುಚ್ಚಿ ಸೈಟು ಮಾಡುತ್ತೇನೆ ಅಂತ ರಘುನಂದನ್ ಅರ್ಜಿ ಹಾಕಿದ್ದ. ಅಧಿಕಾರಿಗಳು ನೋಡಲು ಬರುವಷ್ಟರಲ್ಲಿ ಪಂಪ್ ಇಟ್ಟು ಖಾಲಿ ಮಾಡಿಸಿದ್ದ! ಸೋಮಮ್ಮ ಅಳುತ್ತಾ ನನ್ನ ಹತ್ತಿರ ಬಂದಳು.

ನೀರು ಹೋಯಿತು, ಸರಿ. ಮೀನು?

ಬೀಗರೂಟ ಹತ್ತಿರವಿತ್ತು. ಜುಗ್ಗ ನನ್ಮಗ, ಬಿಸಾಡಲು ಮನಸ್ಸು ಬರಲಿಲ್ಲ... ಸಾರು ಮಾಡಿಸಿದ! ಶಿವನಸಮುದ್ರದ ಹೊಳೆ ಮೀನು ಅಂತ ಕೊಚ್ಚಿಕೊಂಡ. ಮರ್ಯಾದೆಗೆ ತಲೆಯೆಲ್ಲ ಬೀಗರ ಎಲೆಗೇ ಬಡಿಸಿದ.

ಹಿಂದೆ ಜೀಪು! ಕೆಂಗಣ್ಣಿನ ಪುನೀತ್!

ಮುಂದೆ ಕಬ್ಬಿನ ಟ್ರಾಕ್ಟರ್. ಮೇಡಂ ಸಂದಿಯಲ್ಲಿ ನುಗ್ಗಿಸಿದರು. ಕಬ್ಬಿನ ಗರಿ ನನ್ನ ಕೆನ್ನೆ ಸೀಳಿತು. ಜೀಪು ಟ್ರಾಕ್ಟರಿನ ಹಿಂದೆಯೇ ಹಾರನ್ ಬಾರಿಸುತ್ತಾ ಉಳಿಯಿತು.

ಉಸಿರು ಬಂದಮೇಲೆ ಕೇಳಿದೆ. “ಮೇಡಂ, ಬೇಯಿಸಿದ ಮೀನು. ಕೆಲಸಕ್ಕೆ ಬರುತ್ತಾ?”

“ಕಿವಿಯೊಳಗೆ ನುಚ್ಚಿನಷ್ಟು ಕಲ್ಲಿರುತ್ತೆ. ಸಾರಿಗೆಲ್ಲ ಅದು ಜಗ್ಗಲ್ಲ. ಕೆರೆ ನೀರು ಬಿಸಿಲಿಗೆ ಆವಿಯಾಗುವಾಗ ಹಗುರ ಆಕ್ಸಿಜನ್ ಹೆಚ್ಚು ಹಾರಿಹೋಗುತ್ತೆ. ಭಾರದ್ದು ಉಳಿದು ಕಲ್ಲಿನ ಪದರದಲ್ಲಿ ಸೇರುತ್ತೆ. ಹರಿಯೋ ಹೊಳೆ ಮೀನಲ್ಲಿ ಅಷ್ಟು ಇರಲ್ಲ.”

“ಅಂದ್ರೆ ಮೀನು ಚಾಡಿ ಹೇಳುತ್ತೆ?”

“ಕಳೆದ ಒಂದೊಂದು ಬೇಸಿಗೆದೂ!”

ಲ್ಯಾಬ್ ರಿಪೋರ್ಟ್ ಬಂತು. ಮಂಡ್ಯದಲ್ಲಿ ಅಧಿಕಾರಿಗಳ ಮುಂದೆ ವಿಚಾರಣೆ. ರಘುನಂದನ್ ಸಾಕ್ಷಿಗೆ ಬೀಗನನ್ನೇ ಕರೆತಂದಿದ್ದ. ಮಳವಳ್ಳಿಯ ಪುಟ್ಟಸ್ವಾಮಿ. ದೊಡ್ಡ ಮೀಸೆ, ಗರಿಗರಿ ಬಿಳಿ ಷರಟು.

ರಘುನಂದನ್ ಶುರು ಮಾಡಿದ. “ಕೆರೇಲಿ ನೀರೇ ಇರ್ನಿಲ್ಲ ಸಾರ್, ಮೀನೆಲ್ಲಿಂದ ಬಂದಾದು? ಊಟದ್ದು ಒಳೆ ಮೀನು. ತಿಂದೋರ್ ಇಲ್ಲೇ ಅವ್ರೆ, ಕೇಳಿ!”

ಪುಟ್ಟಸ್ವಾಮಿ ಮೀಸೆ ತೀಡಿದ. “ಊಂ, ಒಳೆ ಮೀನೇಯ. ನಮ್ ಬೀಗ್ರು ಸುಳ್ಳೇಳ್ತಾರಾ?”

ಮೇಡಂ ಎದ್ದರು. “ಹೇಳಿದ್ದಾರೆ. ಕಲ್ಲಲ್ಲಿ ಮೂರು ಬೇಸಿಗೆಯ ಪದರ ಇದೆ. ಮೂರರಲ್ಲೂ ಭಾರದ ಆಕ್ಸಿಜನ್. ಮಾದನಕಟ್ಟೆ ಗುಂಡಿಯಲ್ಲಿ ಉಳಿದಿರೋ ನೀರಿಗೆ ಹೊಂದುತ್ತೆ, ಕಾವೇರಿಗಲ್ಲ. ಕೆರೆ ಮೂರು ವರ್ಷ ಬತ್ತಿಲ್ಲ. ನೀವು ತಿಂದಿದ್ದು ಅದರ ಮೀನು.”



ಪುಟ್ಟಸ್ವಾಮಿ ನಿಧಾನಕ್ಕೆ ರಘುನಂದನ್ ಕಡೆ ತಿರುಗಿದ. ‘ಬೀಗ್ರು’ ಹೋಯಿತು, ‘ಲಾ’ ಬಂತು!

“ಕೆರೆ ಮೀನ್ ಉಣ್ಸ್ಬುಟ್ಟು ಒಳೆ ಮೀನ್ ಅಂದ್ಯೇನ್ಲಾ?”

ಅರ್ಜಿ ವಜಾ. ಕೆರೆ ಖಾಲಿ ಮಾಡಿಸಿದ್ದಕ್ಕೆ ದಂಡ ಬೇರೆ.

ಹೊರಗೆ ಸೋಮಮ್ಮ ನನ್ನ ಕೈ ಹಿಡಿದಳು. “ಗದ್ದೆ ಉಳೀತೇನಪ್ಪಾ?”

“ಉಳೀತು ಕಣವ್ವ. ಮಳೆ ಬಂದ್ರೆ ಕೆರೇನೂ ತುಂಬ್ತದೆ.”

ಫೀಸು ಕೇಳುವುದನ್ನೇ ಮರೆತೆ. ಸಂತೋಷಕ್ಕೇ ಕಣ್ರೀ, ಇನ್ಯಾಕೆ?

ರಘುನಂದನ್ ಪಾರಾದ ಅಂದುಕೊಂಡಿರಾ? ದಂಡ ಒಂದೇ ಸಲ ಕಟ್ಟಿದರೆ ಮುಗಿಯಿತು. ಪುಟ್ಟಸ್ವಾಮಿ ಮಾತ್ರ ಮೇಡಂ ಫೋನ್ ನಂಬರ್ ತಗೊಂಡು ಹೋದ... ಇನ್ಮೇಲೆ ಬೀಗರ ಮನೆಯ ಮೀನನ್ನು ಟೆಸ್ಟ್ ಮಾಡಿಸಿಯೇ ತಿನ್ನುತ್ತಾನಂತೆ!