ಕೊನೇ ಪುಟಕ್ಕೆ ಹೋದ ಮಣ್ಣು

"ನನ್ನ ಅಧ್ಯಾಯ ಎಲ್ಲಿ?"

ಸಭಾಂಗಣದ ಬಾಗಿಲಲ್ಲೇ ಅವಳು ಅವನಿಗೆ ಅಡ್ಡ ನಿಂತಳು. ಅವನ ಎರಡೂ ಕೈ ತುಂಬ ಈಗಷ್ಟೇ ಮುದ್ರಣವಾಗಿ ಬಂದ ಕರಡುಗಳು. ಕನ್ನಡಕ ಮೂಗಿನ ತುದಿಗೆ ಜಾರಿದ್ದರೂ ಸರಿಮಾಡಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ನೀವು... ಮಣ್ಣಿನ ಮೇಡಮ್ಮಾ?"

ಇಬ್ಬರೂ ಮುಖ ನೋಡಿದ್ದು ಇದೇ ಮೊದಲು. ಅವಳು ಮಣ್ಣಿನ ವಿಜ್ಞಾನಿ. ಅವನು ದೇಶದ ಸುಸ್ಥಿರ ಅಭಿವೃದ್ಧಿ ಸಲಹಾ ಮಂಡಳಿಯ ಐದು ವರ್ಷದ ಯೋಜನೆಯನ್ನು ಹೊಂದಿಸುವ ಸಂಯೋಜಕ. ಮೂರು ತಿಂಗಳಿಂದ, ಮಂಡಳಿಯವರೆಲ್ಲ ಆನ್‌ಲೈನಿನಲ್ಲಿ ತಿದ್ದುವ ಕರಡಿನ ಅಂಚಿನ ಟಿಪ್ಪಣಿಗಳಲ್ಲಷ್ಟೇ ಜಗಳ. ಅವಳು ಸಿಡಿದೆದ್ದರೆ ಅವನು, "ನೀವು ಹೇಳಿದ್ದೇ ಸರಿ, ತಪ್ಪು ನನ್ನದೇ" ಎಂದು ಬರೆದು ಅವಳ ಕೋಪವನ್ನೆಲ್ಲ ಠುಸ್ ಅನ್ನಿಸುತ್ತಿದ್ದ.

"ದಿನಾ ಅವನ ಮೇಲೇ ದೂರು," ಎಂದು ಅವಳ ಅಕ್ಕ ನಕ್ಕಿದ್ದಳು. "ಮದುವೆಗೆ ಮುಂಚೆ ನಿನ್ನ ಭಾವನ್ನ ನಾನೂ ಹೀಗೇ ಬೈತಿದ್ದೆ ಕಣೇ."

ಇಂದು ಯೋಜನೆ ಮಂಜೂರಾಗುವ ದಿನ. ಹೊರಗುಳಿದ ವಿಷಯಕ್ಕೆ ಇನ್ನು ಐದು ವರ್ಷ ಜಾಗವಿಲ್ಲ. ಪರಿವಿಡಿಯಲ್ಲಿ ಮಣ್ಣಿನ ಸುಳಿವೇ ಇರಲಿಲ್ಲ! ಏಳು ವರ್ಷ ಹೊಲಹೊಲ ಅಲೆದು ಮಾಡಿದ ಕೆಲಸ...

"ಅದು ಕೊನೇ ಪುಟದಲ್ಲಿದೆ ಮೇಡಂ."

"ಯಾರೂ ತಿರುಗಿಸಿ ನೋಡದ ಕಡೆ. ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಅವನು ಉತ್ತರಿಸುವಷ್ಟರಲ್ಲಿ ಅಧ್ಯಕ್ಷೆ ಒಳಗಿಂದ ಕರೆದರು.

ಇವನನ್ನ ನಂಬಿದೆನಲ್ಲ... ಎಂದುಕೊಳ್ಳುತ್ತಲೇ ಅವಳು ಒಳಗೆ ಹೋಗಿ ಕುಳಿತಳು. ಅರ್ಧ ಗಂಟೆಯಲ್ಲಿ ಏಳು ಅಧ್ಯಾಯಗಳು ಚರ್ಚೆಯೇ ಇಲ್ಲದೆ ಮುಗಿದವು. ಅವಳು ಎದ್ದು ನಿಂತಳು.

"ನನ್ನ ಪ್ರಸ್ತಾವ ವಾಪಸ್ ತಗೋತೀನಿ."

"ಯಾಕಮ್ಮಾ?" ಅಧ್ಯಕ್ಷೆ ಕನ್ನಡಕ ತೆಗೆದರು. "ಅಸಲು ಕೆಲಸಕ್ಕೆ ಈಗ ತಾನೇ ಬಂದ್ವಿ. ನೀನು ಹೊಸಬಳು, ಗೊತ್ತಿಲ್ಲ. ಅಧ್ಯಾಯಗಳಲ್ಲಿ ಇರೋದನ್ನ ಭಾಷಣದಲ್ಲಿ ಓದ್ತಾರೆ. ಕೊನೇ ಪುಟದಲ್ಲಿ ಇರೋದನ್ನ ಮಾಡ್ತಾರೆ. ತಾರೀಕು, ಹೊಣೆ ಹೊತ್ತವರ ಹೆಸರು ಇರೋದು ಅಲ್ಲಿ ಮಾತ್ರ. ಮಣ್ಣನ್ನ ಅಲ್ಲಿಗೆ ತರೋಕೆ ಈ ಮಹರಾಯ ಎರಡು ವಾರ ನನ್ನ ತಲೆ ತಿಂದಿದ್ದಾನೆ."

ಅವಳು ಕೊನೇ ಪುಟ ತೆರೆದಳು. ಮೊದಲ ಸಾಲೇ ಮಣ್ಣು. ಇನ್ನೂರು ಊರುಗಳಲ್ಲಿ ಪರೀಕ್ಷೆ, ಮುಂದಿನ ತಿಂಗಳಿಂದಲೇ ಶುರು. ಹೊಣೆ ಎಂಬಲ್ಲಿ ಅವಳ ಹೆಸರು, ಪಕ್ಕದಲ್ಲೇ ಅವನದು. ಸಂಯೋಜಕರು ಯಾವ ಕೆಲಸದ ಹೊಣೆಯನ್ನೂ ಹೊರುವ ರೂಢಿ ಆ ಮಂಡಳಿಯಲ್ಲಿ ಇರಲಿಲ್ಲ.

"ಈಗಲೂ ವಾಪಸ್ ಬೇಕಾ?" ಅಧ್ಯಕ್ಷೆ ಕೇಳಿದರು.

"ಬೇಡ ಮೇಡಂ," ಎಂದು ಅವಳು ತಲೆ ತಗ್ಗಿಸಿ ಕುಳಿತಳು. ನಗು ಮಾತ್ರ ತಡೆಯಲಾಗಲಿಲ್ಲ.

ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಅವನೇ ಕಾಯುತ್ತಿದ್ದ.

"ಮೊದಲೇ ಹೇಳೋಕೆ ಏನಾಗಿತ್ತು?" ಅವಳು ಕೇಳಿದಳು.

"ಟಿಪ್ಪಣೀಲಿ ಬರೆದೆ, ಜೊತೆಗೆ ಇನ್ನೊಂದು ಮಾತೂ ಬಂದ್ಬಿಡ್ತು, ಅಳಿಸಿದೆ. ಮತ್ತೆ ಬರೆದೆ... ಅದನ್ನ ಇಪ್ಪತ್ತು ಜನ ಓದ್ತಾರಲ್ಲ."

"ಅಂಥದ್ದೇನು ಬರೆದಿದ್ರಿ?"

ಅವನ ಕಿವಿ ಕೆಂಪಾಯಿತು. "ನಿಮ್ಮ ಜೊತೆ ಜಗಳ ಇಲ್ಲದ ದಿನ ಕೆಲಸಾನೇ ಸಾಗಲ್ಲ ಅಂತ. ನೀವಂದ್ರೆ ನನಗೆ ತುಂಬಾ ಇಷ್ಟ ಅಂತ."

ಅವಳಿಗೆ ಕಣ್ಣು ತುಂಬಿ ಬಂತು, ಖುಷಿಗೆ.

"ನನಗೂ ಇಷ್ಟ. ಆದ್ರೆ ಒಂದು ತಿದ್ದುಪಡಿ ಇದೆ."

"ಮತ್ತೆ ಏನು ತಪ್ಪಾಯ್ತು?"

"ನಿಮ್ಮ ಹೆಸರಿನ ಮುಂದೆ ಅವಧಿ ಐದು ವರ್ಷ ಅಂತ ಹಾಕಿದ್ದೀರಿ. ಅದನ್ನ ತೆಗೀರಿ."

"ತೆಗೆದು ಎಷ್ಟು ಅಂತ ಹಾಕ್ಲಿ?"

ಅವಳು ಅವನ ಕೈ ಹಿಡಿದುಕೊಂಡಳು. "ಖಾಲಿ ಬಿಡಿ. ಮುಗಿಯೋ ತಾರೀಕು ಬೇಡ."